ಹಿಮದ ಬೆಳಗಿಗೆ ತಂದೂರ್ ಒಲೆಯೇ ಬೇಕು

ಹಿಮಾಚಲದ ನಾರ್ಕಂಡಾ ಸುತ್ತಿನ ದೇವದಾರು ಕಾಡಿನಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಸಿಗುವ ಮನೆಗಳಲ್ಲಿ ಜನವರಿಯ ಬೆಳಗು ಎಂದರೆ ಕಿಟಕಿಯಾಚೆ ಬೆಳ್ಳಗೆ ಬಾಗಿದ ಕೊಂಬೆಗಳು. ಅದನ್ನು ಕೂತು ನೋಡಲು ಕೋಣೆ ಬೆಚ್ಚಗಿರಬೇಕು. ಕರೆಂಟಿನ ಆಯಿಲ್ ಹೀಟರ್, ಗ್ಯಾಸ್ ಹೀಟರ್, ಸೌದೆಯ ತಂದೂರ್ ಮೂರನ್ನೂ ಬಳಸಿ ನೋಡಿದರೆ ಮನಸ್ಸು ತಂದೂರಿಗೇ ಒಲಿಯುತ್ತದೆ. ಇದು ರೊಟ್ಟಿ ಸುಡುವ ತಂದೂರ್ ಅಲ್ಲ. ತಗಡಿನ ಒಲೆ, ಅದರಿಂದ ಸೂರಿನಾಚೆ ಹೋಗುವ ಹೊಗೆ ಕೊಳವೆ.

ಆಯಿಲ್ ಹೀಟರ್‌ನಲ್ಲಿ ಸದ್ದಿಲ್ಲ, ಹೊಗೆಯಿಲ್ಲ. ಆದರೆ ಹಿಮದ ಭಾರಕ್ಕೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟೇ ಇಲ್ಲ. ಇದ್ದರೂ ವೋಲ್ಟೇಜ್ 180ಕ್ಕೆ ಇಳಿದಾಗ 2,000 ವ್ಯಾಟ್ ಹೀಟರ್ ಕೊಡುವುದು ಸುಮಾರು 1,200 ವ್ಯಾಟ್ ಮಾತ್ರ. 16 ಆಂಪಿಯರ್ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಗ್ಯಾಸ್ ಹೀಟರ್ ಬೇಗ ಕಾಯುತ್ತದೆ. ಉರಿದ ಗ್ಯಾಸಿನಿಂದ ನೀರಾವಿ ಹುಟ್ಟಿ ಕಿಟಕಿ ಗಾಜು ಮಸುಕಾಗುತ್ತದೆ, ನೋಡಬೇಕೆಂದಿದ್ದ ಹಿಮವೇ ಕಾಣುವುದಿಲ್ಲ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಹಚ್ಚಿಟ್ಟು ಮಲಗಲೇಬಾರದು.

ತಂದೂರಿನ ಕಿರಿಕಿರಿ ಒಂದೇ: ಬೆಳಿಗ್ಗೆ ಹಚ್ಚಿದ ಕೂಡಲೇ ಹೊಗೆ ಕೋಣೆಗೇ ನುಗ್ಗುತ್ತದೆ. ರಾತ್ರಿಯೆಲ್ಲ ತಣಿದ ಕೊಳವೆಯಲ್ಲಿ ತಂಪು ಗಾಳಿ ಭಾರವಾಗಿ ಕೂತಿರುತ್ತದೆ, ಹೊಗೆಗೆ ಮೇಲೇರಲು ದಾರಿ ಬಿಡುವುದಿಲ್ಲ. ಅದಕ್ಕೇ ಸೌದೆಗೆ ಮುಂಚೆ ಕೊಳವೆಯನ್ನು ಕಾಯಿಸಬೇಕು. ಕಿಟಕಿಯನ್ನು ಒಂದು ಬೆರಳಷ್ಟು ತೆರೆಯಿರಿ. ಮುದುಡಿದ ಎರಡು ಹಾಳೆ ಪೇಪರನ್ನು ಒಲೆಯೊಳಗೆ, ಕೊಳವೆಯ ಬಾಯಿಗೆ ಹತ್ತಿರವಿಟ್ಟು ಹಚ್ಚಿ. ಗಾಳಿ ಎಳೆಯತೊಡಗಿದರೆ ಗುಂಯ್ ಎಂಬ ಸದ್ದು ಬರುತ್ತದೆ. ಆಮೇಲೆ ಅಂಟು ತುಂಬಿದ ಮೂರ್ನಾಲ್ಕು ಪೈನ್ ಚಕ್ಕೆ, ಅವು ಚೆನ್ನಾಗಿ ಹತ್ತಿದ ಮೇಲೆ ಮಣಿಕಟ್ಟಿನ ದಪ್ಪದ ಓಕ್ ಸೌದೆ.

ಸೌದೆಯ ತುದಿಯಲ್ಲಿ ನೊರೆ ಬಂದು ಸುಯ್ ಎಂದರೆ ಅದು ಹಸಿ. ಹಸಿ ಸೌದೆಯ ಹೊಗೆ ಕೊಳವೆಯ ಬಾಗಿನಲ್ಲಿ ಜಿಡ್ಡಾಗಿ ಕಟ್ಟುತ್ತದೆ, ಮುಂದೆ ಅದೇ ಬೆಂಕಿ ಹತ್ತಿಕೊಳ್ಳಲೂಬಹುದು. ಮರುದಿನದ ಸೌದೆಯನ್ನು ಹಿಂದಿನ ಸಂಜೆಯೇ ಒಳಗೆ ತಂದು ಒಲೆಯಿಂದ ಒಂದು ಮಾರು ದೂರ ಜೋಡಿಸಿಡಿ. ಇಷ್ಟು ಮಾಡಿಯೂ ಹೊಗೆ ನಿಲ್ಲದಿದ್ದರೆ ಕೊಳವೆಯ ಟೋಪಿ ಹಿಮದಿಂದ ಮುಚ್ಚಿದೆಯೇ ನೋಡಿಸಿ.

ಒಲೆಯ ಮೇಲೆಯೇ ಕೆಟಲ್ ಇಡಬಹುದು. 2,700 ಮೀಟರ್ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಚಹಾ ಸೊಪ್ಪಿಗೆ ಎರಡು ನಿಮಿಷ ಹೆಚ್ಚು ಬೇಕು, ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್‌ಗೆ ಮಾತ್ರ ಆ ಬಿಸಿ ಹದವಾಗಿದೆ.

ಹೊಗೆ ಆಗದವರು, ಎಳೆ ಮಕ್ಕಳಿರುವವರು ಆಯಿಲ್ ಹೀಟರ್ ತೆಗೆದುಕೊಳ್ಳಿ, ಜನರೇಟರ್ ಇದೆಯೇ ಕೇಳಿ. ಸಾಮಾನ್ಯ ಇನ್ವರ್ಟರ್ ಅದನ್ನು ತಾಳುವುದಿಲ್ಲ. ಆರಕ್ಕೆ ಎದ್ದು ಒಂಬತ್ತರವರೆಗೆ ಲೋಟ ಹಿಡಿದು ಕೂರುವವರಿಗೆ ತಂದೂರ್. ಬಾಡಿಗೆಯಲ್ಲಿ ಸೌದೆ ಸೇರಿದೆಯೋ, ಹೊರೆಗೆ ಇಷ್ಟೆಂದು ಬೇರೆ ಕೊಡಬೇಕೋ ಎನ್ನುವುದನ್ನು ಬುಕ್ ಮಾಡುವಾಗಲೇ ಮಾತಾಡಿಕೊಳ್ಳಿ.