ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಬಾಡಿಗೆ ಕಾರೋ, ಪ್ಯಾಕೇಜೋ, ಸಾರಿಗೆ ಬಸ್ಸೋ?

ನನ್ನ ಮತ ರೈಲಿಗೆ ಮತ್ತು ಸಾರಿಗೆ ಬಸ್ಸಿಗೆ. ಬಾದಾಮಿಯಲ್ಲಿ ಒಂದು ಸಾಧಾರಣ ಕೋಣೆ ಹಿಡಿದು ಅಲ್ಲಿಂದಲೇ ಓಡಾಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮೂರೂ ಬಗೆಯಲ್ಲಿ ಹೋಗಿ ಬಂದಿದ್ದೇನೆ, ಮೂರಕ್ಕೂ ನನ್ನ ಜೇಬಿನಿಂದಲೇ ದುಡ್ಡು ಹೋಗಿದೆ. ಹಾಗಾಗಿ ಇಲ್ಲಿ ನಿಷ್ಪಕ್ಷಪಾತವನ್ನು ಹುಡುಕಬೇಡಿ.

ಪ್ಯಾಕೇಜ್ ಪ್ರವಾಸದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹಂಪಿ, ತುಂಗಭದ್ರಾ ಅಣೆಕಟ್ಟು, ಬಾದಾಮಿ, ವಿಜಯಪುರ ಎಲ್ಲವನ್ನೂ ಒಂದೇ ವಾರಾಂತ್ಯಕ್ಕೆ ತುರುಕುವ ಬಸ್ಸುಗಳಿವೆ. ಊಟ, ವಸತಿ, ಪ್ರವೇಶದ ಟಿಕೆಟ್ಟು ಯಾವುದರ ತಲೆನೋವೂ ಇಲ್ಲ. ತಲೆನೋವು ಮಾರ್ಗದರ್ಶಿಯ ಸೀಟಿಯದು. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲದ ಕಂಬವೊಂದರಲ್ಲಿ ಸೀತೆಯನ್ನು ಹೊತ್ತೊಯ್ಯುತ್ತಿರುವ ರಾವಣ, ಅವನ ಮೇಲೆರಗುವ ಜಟಾಯು ಇದ್ದಾರೆ. ಒಳಗಿನ ಮಬ್ಬುಗತ್ತಲಿಗೆ ಕಣ್ಣು ಒಗ್ಗಿ, ಯಾವ ಗೆರೆ ರೆಕ್ಕೆ, ಯಾವುದು ತೋಳು ಎಂದು ತಿಳಿಯುವಷ್ಟರಲ್ಲಿ ಹೊರಗೆ ಸೀಟಿ ಊದಿದರು. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಗುಂಡ ಅನಿವಾರಿತಾಚಾರಿ ಎಂಬ ಸೂತ್ರಧಾರಿಯ, ಅಂದರೆ ಗುಡಿ ಕಟ್ಟಿದ ಮುಖ್ಯ ಶಿಲ್ಪಿಯ ಹೆಸರು ಅಲ್ಲಿನ ಶಾಸನದಲ್ಲೇ ಉಳಿದಿದೆ. ಆ ಹೆಸರನ್ನು ಹುಡುಕುವ ಹೊತ್ತಿಗೆ ನಾವು ಬಸ್ಸಿನಲ್ಲಿ ಕುಳಿತು ಅಂತ್ಯಾಕ್ಷರಿ ಹಾಡುತ್ತಿದ್ದೆವು. ಐಹೊಳೆಯಲ್ಲಿ ಮೇಗುತಿ ಬೆಟ್ಟದ ಬುಡದಿಂದಲೇ ಕೈ ತೋರಿಸಿ ಮುಂದೆ ಹೊರಡಿಸಿದರು. ಕ್ರಿ.ಶ. 634ರ ರವಿಕೀರ್ತಿಯ ಶಾಸನ, ಹರ್ಷವರ್ಧನನನ್ನು ಇಮ್ಮಡಿ ಪುಲಕೇಶಿ ಸೋಲಿಸಿದ್ದನ್ನು ಹೇಳುವ ಆ ಶಾಸನ, ಇರುವುದು ಮೇಲಿನ ಗುಡಿಯ ಗೋಡೆಯಲ್ಲಿ.

ಇನ್ನು ಬಾಡಿಗೆ ಕಾರು. ನನ್ನ ನಿಜವಾದ ಸಿಟ್ಟೆಲ್ಲ ಇರುವುದು ಇಲ್ಲಿ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಚಾಲಕನ ಸಮೇತ ಕಾರು ಎಂಬುದು ಕಾಗದದ ಮೇಲೆ ಬಹಳ ಚೆಂದದ ಯೋಜನೆ. ಫೋನಿನಲ್ಲಿ ಕೇಳಿದರೆ ಕಿಲೋಮೀಟರಿಗೆ ಇಷ್ಟು ಎಂದಷ್ಟೇ ಹೇಳುತ್ತಾರೆ. 13 ರೂಪಾಯಿ ಎಂದು ಕೇಳಿದೊಡನೆ ನಕ್ಷೆ ತೆರೆದು ದೂರವನ್ನು ಗುಣಿಸಿ, ‘ಪರವಾಗಿಲ್ಲ’ ಎಂದುಕೊಂಡೆ. ‘ದಿನಕ್ಕೆ ಕನಿಷ್ಠ 300 ಕಿಲೋಮೀಟರ್’ ಎಂಬ ಮಾತು ಬರುವುದು ಮುಂಗಡ ಕೊಟ್ಟ ಮೇಲೆ, ಅದೂ ವಾಟ್ಸಾಪ್ ಸಂದೇಶದ ತುದಿಯಲ್ಲಿ. ಕಾರು ಓಡಲಿ, ನಿಂತಿರಲಿ, ದಿನವೊಂದಕ್ಕೆ 300ರ ದುಡ್ಡು ಕೊಡಲೇಬೇಕು.

ಲೆಕ್ಕ ಹಾಕಿ ನೋಡಿ. ಹುಬ್ಬಳ್ಳಿಯಿಂದ ಬಾದಾಮಿಗೆ ನೂರಹತ್ತು ಕಿಲೋಮೀಟರಿನ ಆಸುಪಾಸು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22, ಅಲ್ಲಿಂದ ಐಹೊಳೆ ಹದಿಮೂರೋ ಹದಿನಾಲ್ಕೋ. ಹೋಗಿ ಬರುವುದಕ್ಕೆ ಎಂಬತ್ತು ತುಂಬುವುದಿಲ್ಲ. ಬಾದಾಮಿ ಪಕ್ಕದ ಬನಶಂಕರಿ, ಮಹಾಕೂಟಗಳನ್ನು ಸೇರಿಸಿದರೂ ಮೂರು ದಿನಕ್ಕೆ ಒಟ್ಟು 350 ದಾಟುವುದು ಕಷ್ಟ. ಬಿಲ್ಲು ಮಾತ್ರ 900 ಕಿಲೋಮೀಟರಿನದು, ಅಂದರೆ 11,700 ರೂಪಾಯಿ. ಇದರಲ್ಲಿ ಏಳು ಸಾವಿರಕ್ಕೂ ಹೆಚ್ಚು ಈ ಸುತ್ತಿಗೆ ಬೇಕೇ ಇಲ್ಲದ ದಾರಿಗೆ ಕೊಟ್ಟದ್ದು. ಚಾಲಕನ ಬಾಟಾ, ಅಂದರೆ ದಿನದ ಭತ್ಯೆ, ಬೇರೆ. ಮೀಟರಿನ ಎಣಿಕೆ ನೀವು ಹತ್ತುವ ಜಾಗದಿಂದಲ್ಲ, ಅವರ ಶೆಡ್ಡಿನಿಂದ ಶುರು. ದೂರದೂರದ ಊರುಗಳನ್ನು ಸುತ್ತುವವರಿಗೆ ಈ ನಿಯಮ ತಟ್ಟುವುದೇ ಇಲ್ಲ. ಚಾಲುಕ್ಯರೋ ಮೂರು ಊರುಗಳನ್ನೂ ಮಲಪ್ರಭೆಯ ಆಸುಪಾಸಿನಲ್ಲೇ ಕಟ್ಟಿಟ್ಟುಬಿಟ್ಟರು. ಈ ಸಣ್ಣ ಸುತ್ತಿಗೆ ಆ ನಿಯಮ ಶುದ್ಧ ದಂಡ.

ದುಡ್ಡು ಹೋದದ್ದು ಒಂದು ಕಡೆ, ಅದು ನಮ್ಮನ್ನು ಕುಣಿಸಿದ ರೀತಿ ಇನ್ನೊಂದು ಕಡೆ. ಚಾಲಕ ಒಳ್ಳೆಯ ಮನುಷ್ಯ, ನಮ್ಮ ನಷ್ಟ ಕಂಡು ಅವನಿಗೇ ಬೇಸರ. “ಕಿಲೋಮೀಟರ್ ಬೇಕಾದಷ್ಟು ಉಳಿದಿದೆ ಸರ್, ಕೂಡಲಸಂಗಮ ನೋಡಿಬಿಡೋಣ” ಎಂದ. ಅಲ್ಲಿಗೆ ಹೋದ ಮೇಲೆ “ಆಲಮಟ್ಟಿ ಇಲ್ಲೇ ಹತ್ತಿರ” ಎಂದ. ಮರುದಿನ ಬೆಳಗ್ಗೆ ಗೋಳಗುಮ್ಮಟದ ಮಾತು ಬಂತು. ಕೊಟ್ಟ ದುಡ್ಡನ್ನು ವಸೂಲಿ ಮಾಡುವ ಹಟಕ್ಕೆ ನಾವೂ ಬಿದ್ದೆವು. ಕಿಟಕಿಯಲ್ಲಿ ಸೂರ್ಯಕಾಂತಿ ಹೊಲಗಳು ಓಡಿದ್ದೇ ಓಡಿದ್ದು. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ಒಂದು ಸಂಜೆ ಕೂರುವುದಕ್ಕೇ ಪುರುಸೊತ್ತಾಗಲಿಲ್ಲ. ಆ ಕೆರೆಗೆ ಪಶ್ಚಿಮಾಭಿಮುಖವಾಗಿ ನಿಂತ ಭೂತನಾಥ ಗುಡಿಯ ಮೇಲೆ ಬಿಸಿಲು ಬೀಳುವುದೇ ಇಳಿಹೊತ್ತಿನಲ್ಲಿ. ಆ ಹೊತ್ತಿಗೆ ನಾವು ಯಾವುದೋ ಹೆದ್ದಾರಿಯ ಡಾಬಾದಲ್ಲಿದ್ದೆವು.

ಕಾರಿನ ಪರವಾಗಿ ಒಂದು ಮಾತು ಹೇಳಲೇಬೇಕು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಕಾರೇ ಸರಿ.

ಈಗ ನನ್ನ ಪಕ್ಷದ ಮಾತು. ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಮಲಗಿದರೆ ಬೆಳಗ್ಗೆ ಬಾದಾಮಿ. ನಿಲ್ದಾಣ ಊರಿಂದ ಐದು ಕಿಲೋಮೀಟರ್ ದೂರ, ಹೊರಗೆ ಆಟೋ, ಟಂಟಂ (ಹಲವರು ಹಂಚಿಕೊಂಡು ಹೋಗುವ ದೊಡ್ಡ ಆಟೋ) ಸಿಗುತ್ತವೆ. ಮೊದಲ ದಿನ ಬಾದಾಮಿ ಬಿಟ್ಟು ಕದಲುವುದಿಲ್ಲ. ಬಿಸಿಲೇರುವ ಮೊದಲೇ ಗುಹೆಗಳನ್ನು ನೋಡಬೇಕು. ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು, ಯಾವ ಜೋಡಿ ಕೈಯನ್ನು ಆರಿಸಿಕೊಂಡರೂ ಒಂದು ಭಂಗಿ ಕೂಡುತ್ತದೆಯೇ ಎಂದು ನೋಡುತ್ತ ಕಾಲ ಕಳೆಯಬಹುದು. ಮೂರನೆಯ ಗುಹೆ ಚಾಲುಕ್ಯ ಮಂಗಳೇಶ ಕೊರೆಸಿದ್ದು, ಅದರ ಶಾಸನ ಕ್ರಿ.ಶ. 578ರದು. ಕೈಯಲ್ಲಿ ತಿಂಡಿಯ ಚೀಲ ಬೇಡ, ಕೋತಿಗಳು ಬಿಡುವುದಿಲ್ಲ. ಮಧ್ಯಾಹ್ನ ಕೋಣೆಗೆ ಬಂದು ಮಲಗಿ, ಇಳಿಹೊತ್ತಿಗೆ ಕೆರೆಯ ಆಚೆ ದಂಡೆಗೆ ಹೋಗಬೇಕು. ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ಸಾಧುಗೆ ಸಾಧು’ ತ್ರಿಪದಿಯನ್ನು ಕಪ್ಪೆ ಅರಭಟ್ಟನ ಬಂಡೆಯ ಮೇಲೆಯೇ ನೋಡುವುದು ಹೀಗೆ ಪುರುಸೊತ್ತಿದ್ದವರಿಗೆ ಮಾತ್ರ.

ಎರಡನೆಯ ದಿನದ ಗುಟ್ಟು ಇಷ್ಟೇ: ದೂರದ ಐಹೊಳೆಗೆ ಮೊದಲು ಹೋಗಿ, ಹಿಂದಿರುಗುವಾಗ ಪಟ್ಟದಕಲ್ಲು ನೋಡಬೇಕು. ಮಧ್ಯಾಹ್ನದ ಮೇಲೆ ಐಹೊಳೆಯಿಂದ ಬಸ್ಸು ಅಪರೂಪ. ಪಟ್ಟದಕಲ್ಲಿನಿಂದ ಬಾದಾಮಿಗಾದರೆ ಬಸ್ಸೋ ಟಂಟಮ್ಮೋ ಏನಾದರೊಂದು ಬರುತ್ತಿರುತ್ತದೆ. ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದವರು ಬಾದಾಮಿಯಿಂದಲೇ ಇಡೀ ದಿನಕ್ಕೊಂದು ಆಟೋ ಮಾತಾಡಿಕೊಳ್ಳಲಿ. ಇಷ್ಟಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಕನಿಷ್ಠ ಕಿಲೋಮೀಟರಿನ ತಕರಾರೇ ಇಲ್ಲ.

ಸಾರಿಗೆ ಬಸ್ಸು ಸ್ವರ್ಗವೇನಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಹೆಂಡತಿಗೆ ಶೂನ್ಯ ದರದ ಟಿಕೆಟ್ಟು, ನನಗೆ ನಿಂತುಕೊಳ್ಳುವ ಯೋಗ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಬನಶಂಕರಿ ಜಾತ್ರೆಯ ಜನವರಿಯಲ್ಲಂತೂ ಆ ಕಡೆ ತಲೆ ಹಾಕುವುದೇ ಬೇಡ.

ಉಳಿದ ದಿನಗಳಲ್ಲಿ ಬನಶಂಕರಿಗೆ ಹಸಿದ ಹೊಟ್ಟೆಯಲ್ಲಿ ಹೋಗಿ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರು ಖಡಕ್ ರೊಟ್ಟಿಯ ಮೇಲೆಯೇ ಪಲ್ಯ, ಕೆಂಪು ಚಟ್ನಿ, ಶೇಂಗಾ ಪುಡಿ ಹಾಕಿ, ಪುಟ್ಟ ಗಡಿಗೆಯಿಂದ ಮೊಸರು ಸುರಿದು ಕೈಗಿಡುತ್ತಾರೆ. ಮೊಸರು ತಾಗಿದ ಕಡೆ ರೊಟ್ಟಿ ಮೆತ್ತಗಾಗುವ ಮೊದಲೇ ಅಂಚಿನಿಂದ ಮುರಿಯುತ್ತ ಬರಬೇಕು. ಕಾರಿನಲ್ಲಿ ಬಂದಾಗ ಹವಾನಿಯಂತ್ರಿತ ಹೋಟೆಲಿಗೆ ಕರೆದೊಯ್ದಿದ್ದರು, ಅಲ್ಲಿ ಗೋಬಿ ಮಂಚೂರಿ ಚೆನ್ನಾಗಿತ್ತು.

ಖರ್ಚಿನ ಮಾತು ಹೇಳುವುದಾದರೆ, ಬೇಡದ ದಾರಿಗೆ ನಾನು ಕಟ್ಟಿದ ದುಡ್ಡಿನಲ್ಲಿ ನಾವಿಬ್ಬರೂ ರೈಲು, ಕೋಣೆ, ಆಟೋ, ಊಟ ಎಲ್ಲವನ್ನೂ ಮುಗಿಸಿಕೊಂಡು ಬರುತ್ತೇವೆ. ನನಗೆ ಒಂದೇ ಕಡೆ ಬಹಳ ಹೊತ್ತು ಕೂರುವ ಚಾಳಿ, ಬಸ್‌ಸ್ಟ್ಯಾಂಡಿನ ಬೆಂಚೂ ಅದಕ್ಕೆ ಆದೀತು. ವಾರಾಂತ್ಯದಲ್ಲಿ ಹೆಚ್ಚು ಊರುಗಳ ಫೋಟೊ ಬೇಕು ಎನ್ನುವವರು ಪ್ಯಾಕೇಜ್ ಹಿಡಿಯಲಿ, ನನ್ನ ತಕರಾರಿಲ್ಲ. ಕಾರೇ ಬೇಕೆನ್ನುವವರು ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ದಿನದ ಕನಿಷ್ಠ ಎಷ್ಟು, ಎಣಿಕೆ ಎಲ್ಲಿಂದ, ಬಾಟಾ ಸೇರಿದೆಯೋ ಇಲ್ಲವೋ.

ಬಾದಾಮಿ, ಐಹೊಳೆಯ ಪುರಾತತ್ತ್ವ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಗುರುವಾರ ರಾತ್ರಿಯ ರೈಲಿಗೆ ಟಿಕೆಟ್ ತೆಗೆಯಬೇಡಿ.