ಪತ್ರ ಬರಹಗಾರನ ಮೇಜಿಗೆ ಸ್ಪೀಡ್‌ಕ್ರಂಚ್ ಬಂತು

ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿಗೆ ನನ್ನದೊಂದು ಸಣ್ಣ ಅಂಗಡಿ. ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ ಬರೆಯುವುದು ಕೆಲಸ. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಬರೆಯೋಕೆ ನನಗೆ ಯಾರ ಸಹಾಯವೂ ಬೇಡ. ತಲೆ ಕೆಡುವುದು ವಿಸ್ತೀರ್ಣದ ಲೆಕ್ಕದಲ್ಲಿ.

ಪಹಣಿಯಲ್ಲಿ ಎರಡು ಎಕರೆ ಹದಿನೈದು ಗುಂಟೆಯನ್ನು 2-15 ಅಂತ ಬರೆದಿರುತ್ತಾರೆ. ಅಂಗಡಿಗೆ ಹೊಸದಾಗಿ ಬಂದ ನನ್ನ ತಂಗಿ ಮಗ ಅದನ್ನು 2.15 ಅಂತ ಒತ್ತುತ್ತಿದ್ದ. ಒಂದು ಸಲ 2-15, 1-30 ಎರಡು ಜಮೀನು, ಮೂವರು ಅಣ್ಣತಮ್ಮಂದಿರು. ಇವನು ಕೂಡಿಸಿದ, 3.45 ಬಂತು. ಮೂರರಿಂದ ಭಾಗಿಸಿದ, 1.15. ಒಬ್ಬೊಬ್ಬರಿಗೆ ಒಂದು ಎಕರೆ ಹದಿನೈದು ಗುಂಟೆ. ಉತ್ತರ ಸರಿಯಾಗಿಯೇ ಇತ್ತು! ದಾರಿ ತಪ್ಪಿದರೂ ಊರು ಸಿಕ್ಕಿತ್ತು. ಹಾಗಾಗಿ ನನಗೂ ಗೊತ್ತಾಗಲಿಲ್ಲ. ಮುಂದೆ ಅಷ್ಟೇ ಜಮೀನನ್ನು ಇಬ್ಬರಿಗೆ ಪಾಲು ಮಾಡುವ ಲೆಕ್ಕದಲ್ಲಿ 1.725 ಅಂತ ಬಂದಾಗ ಹುಡುಗ ಕಣ್ಣು ಬಾಯಿ ಬಿಟ್ಟ. ಎಕರೆಗೆ ನಲವತ್ತು ಗುಂಟೆ ಅಲ್ವಾ, ದಶಮಾಂಶ ಎಲ್ಲಿಂದ ಬರಬೇಕು? ಟೇಬಲ್ ಕ್ಯಾಲ್ಕುಲೇಟರಿನಲ್ಲಿ ಕೊನೆಯ ಅಂಕಿ ಮಾತ್ರ ಕಾಣುತ್ತದೆ. ಎಲ್ಲಿ ಎಡವಿದ ಅಂತ ಹುಡುಕೋಕೂ ಆಗಲಿಲ್ಲ.

ಆಮೇಲೆ ಕಂಪ್ಯೂಟರಿಗೆ ಹಾಕಿಕೊಂಡಿದ್ದು ಸ್ಪೀಡ್‌ಕ್ರಂಚ್ ಅನ್ನುವ ಕ್ಯಾಲ್ಕುಲೇಟರ್ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ನನ್ನ ಹತ್ತಿರ ಇರುವುದು 2016ರ 0.12 ಆವೃತ್ತಿ. ಪೆನ್ ಡ್ರೈವಿನಿಂದಲೇ ನಡೆಯುವ ಪೋರ್ಟಬಲ್ ಪ್ರತಿಯೂ ಸಿಗುತ್ತದೆ.

ತೆರೆದ ತಕ್ಷಣ ಗಾಬರಿಯಾಯಿತು. ಗುಂಡಿಗಳೇ ಇಲ್ಲ! ಖಾಲಿ ಹಾಳೆ, ಕೆಳಗೊಂದು ಬರೆಯುವ ಸಾಲು, ಅಷ್ಟೇ. ಗುಂಡಿ ಬೇಕೆಂದರೆ ವ್ಯೂ ಮೆನುವಿನಲ್ಲಿ ಕೀಪ್ಯಾಡ್ ಇದೆ, ಆದರೆ ಎರಡು ದಿನ ತಡೆದುಕೊಳ್ಳಿ, ಬೇಕಾಗುವುದಿಲ್ಲ. ಲೆಕ್ಕವನ್ನು ಕಾಗದದ ಮೇಲೆ ಬರೆದ ಹಾಗೆ ಇಡೀ ಸಾಲು ಟೈಪ್ ಮಾಡಿ ಎಂಟರ್ ಒತ್ತುವುದು. (2*40+15)+(1*40+30) ಅಂದರೆ 165 ಗುಂಟೆ. ಎಂಟರ್ ಒತ್ತುವ ಮುಂಚೆಯೇ ಉತ್ತರ ಇಣುಕುತ್ತದೆ. ಮುಂದಿನ ಸಾಲಿನಲ್ಲಿ ಸುಮ್ನೆ /2 ಅಂತ ಹಾಕಿದರೆ ಹಿಂದಿನ ಉತ್ತರವನ್ನು ತಾನೇ ಎತ್ತಿಕೊಂಡು 82.5 ಕೊಡುತ್ತದೆ. ಅಂದರೆ ಎರಡು ಎಕರೆ ಎರಡೂವರೆ ಗುಂಟೆ. ನಮ್ಮ ಭಾಷೆಯಲ್ಲಿ ಎರಡು ಎಕರೆ, ಎರಡು ಗುಂಟೆ, ಎಂಟಾಣೆ. ಸಾಲುಗಳೆಲ್ಲ ಮೇಲೆ ಹಾಗೇ ಉಳಿದಿರುತ್ತವೆ. ಪಾರ್ಟಿಯವರ ಕಡೆಗೆ ಮಾನಿಟರ್ ತಿರುಗಿಸಿ, "ನೋಡಿ ಯಜಮಾನ್ರೇ, ಇದು ನಿಮ್ಮ ಹೊಲ, ಇದು ತೋಟ" ಅಂತ ತೋರಿಸುತ್ತೇನೆ. ಮೊದಲು ಇದಕ್ಕೇ ಅರ್ಧ ಗಂಟೆ ವಾದ ಆಗುತ್ತಿತ್ತು.

ಇನ್ನೊಂದು ಉಪಕಾರ: ಬೇಕಾದ ಅಂಕಿಗೆ ನಾವೇ ಹೆಸರಿಡಬಹುದು. ನಾನು ಗುಂಟಾ = 33*33 ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟಿದ್ದೇನೆ. ಒಂದು ಗುಂಟೆಗೆ 1089 ಚದರಡಿ. ಈಗ 2.5*ಗುಂಟಾ ಅಂದರೆ 2722.5 ಚದರಡಿ ಬರುತ್ತದೆ. ಗುಂಟೆಯನ್ನು ಮತ್ತೆ ಎಕರೆಗೆ ತಿರುಗಿಸಲು ಹಿಂದಕ್ಕೆ ಬಾಗಿದ ಗೆರೆ ಸಾಕು. 165\40 ಅಂದರೆ 4, ಭಿನ್ನರಾಶಿ ಬಿಟ್ಟು ಬರೀ ಪೂರ್ಣಾಂಕ. ಉಳಿದ ಗುಂಟೆಗೆ mod(165;40), ಉತ್ತರ 5. ನಡುವೆ ಅಲ್ಪವಿರಾಮ ಅಲ್ಲ, ಅರ್ಧವಿರಾಮ. ಇದು ಗೊತ್ತಾಗದೆ ಒಂದು ಸಂಜೆ ಹಾಳು ಮಾಡಿಕೊಂಡೆ. ಸಾಲಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸರ್ವೆ ನಂಬರ್ ಬರೆದಿಟ್ಟರೆ ಅದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಎಲ್ಲ ಚೆನ್ನಾಗಿದೆ ಅಂತ ಹೇಳಲಾರೆ. ಶೇಕಡಾದಲ್ಲಿ ಹುಷಾರು. ವಿಂಡೋಸ್ ಜೊತೆ ಬರುವ ಕ್ಯಾಲ್ಕುಲೇಟರಿನಲ್ಲಿ 1000+18% ಅಂದರೆ 1180. ಇಲ್ಲಿ 1000.18! ಇದಕ್ಕೆ 18% ಎಂದರೆ ಬರೀ 0.18. ಹಾಗಾಗಿ 1000*1.18 ಅಂತಲೇ ಬರೆಯಬೇಕು. ಆದರೆ ಆ ವಿಂಡೋಸ್ ಕ್ಯಾಲ್ಕುಲೇಟರಿನ ಸ್ಟ್ಯಾಂಡರ್ಡ್ ಬಗೆಯಲ್ಲಿ 2+3*4 ಒತ್ತಿದರೆ 20 ಬರುತ್ತದೆ. ಗುಣಾಕಾರ ಮೊದಲು ಅಂತ ಮೇಷ್ಟ್ರು ಕಲಿಸಿದ್ದು ಅಲ್ಲಿ ನಡೆಯುವುದಿಲ್ಲ. ಸ್ಪೀಡ್‌ಕ್ರಂಚ್ 14 ಅನ್ನುತ್ತದೆ. ನನಗೆ ಈ ಗುಣವೇ ಜಾಸ್ತಿ ಇಷ್ಟ, ಶೇಕಡಾವನ್ನು ನಾನೇ ನೋಡಿಕೊಳ್ಳುತ್ತೇನೆ.

ನಿಜವಾದ ಬೇಜಾರು ಲಕ್ಷ, ಕೋಟಿಯದು. ನಮ್ಮ ಲೆಕ್ಕಕ್ಕೆ ತಕ್ಕಂತೆ ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕಿ ತೋರಿಸುವುದಿಲ್ಲ. 4725000 ಬಂದರೆ ಬೆರಳಿಟ್ಟು ಬಲದಿಂದ ಎಣಿಸಬೇಕು. ಕ್ರಯದ ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ನಾನು ಈಗಲೂ ಹಳೇ ನೋಟ್‌ಬುಕ್ಕಿನಲ್ಲಿ ಒಂದು ಸಲ ಗೀಚಿ ನೋಡಿಕೊಂಡೇ ಟೈಪ್ ಮಾಡುವುದು. ತಂಗಿ ಮಗ ನಗುತ್ತಾನೆ. ನಗಲಿ ಬಿಡಿ, 1.725 ಎಕರೆ ತಂದವನು ಅವನೇ ತಾನೆ.