ಕತಾರಾ, ದುಬೈಯಾ?

ನಮ್ಮ ಕಾಸರಗೋಡಿನಲ್ಲಿ ಗಲ್ಫಿನ ನಂಟಿಲ್ಲದ ಮನೆ ಹುಡುಕುವುದೇ ಕಷ್ಟ, ಅಲ್ವಾ? ಮೊನ್ನೆ ಕುಂಬಳೆಯ ನೆರೆಮನೆ ಹುಡುಗ ಎರಡು ಆಫರ್ ಹಿಡಿದುಕೊಂಡು ಬಂದಿದ್ದ, ಒಂದು ದೋಹಾದ್ದು, ಇನ್ನೊಂದು ದುಬೈಯದ್ದು. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಕತಾರಿನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ಸಂಬಳದ ಕಾನೂನು ಇದೆ. ತಿಂಗಳಿಗೆ 1000 ರಿಯಾಲ್, ಕಂಪನಿ ರೂಮು ಕೊಡದಿದ್ದರೆ ಮತ್ತೆ 500, ಊಟ ಕೊಡದಿದ್ದರೆ 300, ಮನೆಕೆಲಸದವರಿಗೂ ಇದೇ ಲೆಕ್ಕ. ಯುಎಇಯಲ್ಲಿ ನಮ್ಮವರಿಗೆ ಇಂಥ ಮಿತಿ ಇಲ್ಲ, ಒಪ್ಪಂದದಲ್ಲಿ ಬರೆದಷ್ಟೇ ಸಿಗುತ್ತದೆ. ಆದರೆ ಅಲ್ಲಿ 2023ರಿಂದ ಕೆಲಸ ಕಳೆದುಕೊಂಡವರಿಗೆ ವಿಮೆ ಬಂದಿದೆ. ಒಂದು ವರ್ಷ ಕಂತು ಕಟ್ಟಿದ್ದರೆ ಮೂಲ ಸಂಬಳದ ಶೇ. 60ರವರೆಗೆ, ಹೆಚ್ಚೆಂದರೆ 3 ತಿಂಗಳು.

ಕೆಲಸ ಬದಲಿಸಲು ಮಾಲೀಕರ ಒಪ್ಪಿಗೆ ಬೇಡ ಎಂದು ಕತಾರ್ 2020ರಲ್ಲೇ ಹೇಳಿತು. ಕಾಗದದಲ್ಲಿ ಚೆಂದ. ನಿಜದಲ್ಲಿ ಅಡ್ಡಿ ಇನ್ನೂ ಇದೆ ಎಂದು ಮಾನವ ಹಕ್ಕು ಸಂಸ್ಥೆಗಳು ಹೇಳುತ್ತಲೇ ಇವೆ. ಸಂಘ ಕಟ್ಟುವ ಹಕ್ಕು ವಲಸೆ ಕಾರ್ಮಿಕರಿಗೆ ಎರಡೂ ಕಡೆ ಇಲ್ಲ. ಪಾಸ್‌ಪೋರ್ಟ್ ಕಂಪನಿ ಇಟ್ಟುಕೊಳ್ಳುವುದು ಮಾತ್ರ ಎರಡೂ ಕಡೆ ತಪ್ಪು.

ರಿಯಾಲ್, ದಿರ್ಹಂ ಎರಡೂ ಡಾಲರಿಗೆ ಕಟ್ಟಿಕೊಂಡ ನಾಣ್ಯಗಳು. ಹಾಗಾಗಿ ರೂಪಾಯಿ ಬಿದ್ದರೆ ಲಾಭ ಸಮಸಮ, ಅದರ ಮೇಲೆ ತಲೆ ಕೆಡಿಸಿಕೊಳ್ಳಬೇಡಿ.

ಕಡಿಮೆ ಸಂಬಳದ ಕೂಲಿ ಕೆಲಸವಾದರೆ ನಾನು ಕತಾರ್ ಅನ್ನುತ್ತೇನೆ. ಕೈಯಲ್ಲಿ ಕಸುಬಿದ್ದು, ಮುಂದೆ ಜಾಗ ಬದಲಿಸುವ ಯೋಚನೆ ಇದ್ದರೆ ದುಬೈ. ಇನ್ನೊಂದು, ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕಮಿಷನ್ ಕೇಳಿದರೆ ಅದು ನಮ್ಮ ದೇಶದ ನಿಯಮಕ್ಕೇ ವಿರುದ್ಧ, ಸುಮ್ನೆ ಎದ್ದು ಬನ್ನಿ.